ಹದಿನಾಲ್ಕು ತಲೆಮಾರಿಗೆ ಎರಡು ಮಿಲಿ ಉಗುಳು

ದಾವಣಗೆರೆ ಕೆ.ಬಿ. ಬಡಾವಣೆಯ ಪಾತ್ರೆ ವ್ಯಾಪಾರಿ ಕರಿಬಸವರಾಜರು ತಮ್ಮ ವಂಶದ ಹದಿನಾಲ್ಕು ತಲೆಮಾರನ್ನು ಪತ್ತೆ ಹಚ್ಚಿಯೇ ತೀರುತ್ತೇನೆ ಎಂದು ಪಣ ತೊಟ್ಟದ್ದು ಒಂದು ಮದುವೆ ಊಟದ ಪಂಕ್ತಿಯಲ್ಲಿ, ಎರಡನೇ ಹೋಳಿಗೆಗೂ ಮೂರನೇ ಹೋಳಿಗೆಗೂ ನಡುವೆ.

ಅದಕ್ಕೆ ಕಾರಣ ಹೆಂಡತಿಯ ತಮ್ಮ ಬಕ್ಕೇಶ್. ನಿಜಲಿಂಗಪ್ಪ ಬಡಾವಣೆಯಲ್ಲಿ ಮನೆ, ಕಾಲೇಜಿನಲ್ಲಿ ಇತಿಹಾಸದ ಪಾಠ, ಮಾತಿಗೊಂದು ಇಸವಿ. ಪಕ್ಕದ ಎಲೆಯ ಹಿರಿಯರೊಬ್ಬರು ಸುಮ್ಮನೆ ಮಾತಿಗೆ "ನಿಮ್ಮ ಮೂಲ ಯಾವುದ್ರಿ?" ಎಂದು ಕೇಳಿದ್ದೇ ತಡ, ಬಕ್ಕೇಶ್ ಅಪ್ಪ, ಅಜ್ಜ, ಮುತ್ತಜ್ಜ ಎಂದು ಏಣಿ ಹತ್ತತೊಡಗಿ ಏಳನೇ ಮೆಟ್ಟಿಲ ಮೇಲೆ ಹೋಗಿ ನಿಂತ. ಹಿರಿಯರು ತಲೆದೂಗಿ ಕರಿಬಸವರಾಜರ ಕಡೆ ತಿರುಗಿದರು.

ಕರಿಬಸವರಾಜರು ಅಪ್ಪನ ಹೆಸರು ಹೇಳಿದರು. ಅಜ್ಜ ಬಸಪ್ಪನವರ ಹೆಸರು ಹೇಳಿದರು. ಅಜ್ಜನ ಅಪ್ಪ ಮಲ್ಲಪ್ಪ ಶೆಟ್ಟರು ಎಂದರು. ಅಲ್ಲಿಗೆ ಏಣಿ ಮುರಿಯಿತು.

"ಅದಕ್ಕೂ ಹಿಂದೆ ನಮ್ಮೋರು ಪಾಳೆಯಗಾರರ ಕುದುರೆ ದಂಡಿನಾಗೆ ಸರದಾರರಾಗಿದ್ರು," ಎಂದು ಅಪ್ಪ ಹೇಳುತ್ತಿದ್ದ ಮಾತನ್ನೇ ಒಗ್ಗರಣೆ ಹಾಕಿ ಬಡಿಸಿದರು.

"ಯಾವ ಪಾಳೆಯಗಾರರು ಭಾವ? ಯಾವ ಇಸವಿ?" ಎಂದ ಬಕ್ಕೇಶ್, ಹೋಳಿಗೆ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತ.

ಕರಿಬಸವರಾಜರಿಗೆ ಮೂರನೇ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಮನೆಗೆ ಬಂದು ಪಡಸಾಲೆಯ ನಡುವೆ ನಿಂತು ಘೋಷಿಸಿದರು: "ನಿನ್ನ ತಮ್ಮಂದು ಏಳು. ನಂದು ಅದರ ಎರಡರಷ್ಟು. ಹದಿನಾಲ್ಕು ತಲೆಮಾರು ಪತ್ತೆ ಹಚ್ಚದಿದ್ರೆ ನನ್ನ ಹೆಸರು ಕರಿಬಸವರಾಜ ಅಲ್ಲ."

"ಮೊದ್ಲು ನಿಮ್ಮ ಕನ್ನಡಕ ಎಲ್ಲೈತೆ ಪತ್ತೆ ಹಚ್ರಿ," ಎಂದರು ಹೆಂಡತಿ ಮರುಳಸಿದ್ದಮ್ಮ. "ಮದುವೆ ಮನೆಯಾಗೇ ಬಿಟ್ಟು ಬಂದೀರಿ."

ಕನ್ನಡಕ ಮರುದಿನ ಸಿಕ್ಕಿತು. ವಂಶ ಪತ್ತೆ ಮಾಡುವ ದಾರಿ ತೋರಿಸಿದವಳು ಸೊಸೆ ರೂಪಶ್ರೀ. ಅವಳು ಬಿ.ಎಸ್ಸಿ. ಓದಿದವಳು. ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಡಿಎನ್ಎ ಪರೀಕ್ಷೆಯ ಡಬ್ಬಿ ಮನೆಗೇ ಬರುತ್ತದೆ, ಅದರಲ್ಲಿ ಉಗುಳಿ ಕಳಿಸಿದರೆ ನಮ್ಮ ಹಿರಿಯರು ಎಲ್ಲಿಯವರು, ರಕ್ತಸಂಬಂಧಿಗಳು ಎಲ್ಲೆಲ್ಲಿ ಇದ್ದಾರೆ ಎಂದೆಲ್ಲ ಹೇಳುತ್ತಾರೆ ಎಂದಳು.

ಡಬ್ಬಿ ಬಂತು. ಒಳಗೆ ಹೆಬ್ಬೆರಳಷ್ಟು ಉದ್ದದ ಒಂದು ಪ್ಲಾಸ್ಟಿಕ್ ಕೊಳವೆ, ಅದರ ಮೇಲೊಂದು ಗೆರೆ.

"ಮಾವ, ಈ ಗೆರೆ ಮಟ್ಟ ಉಗುಳ್ಬೇಕು. ಎರಡು ಮಿಲಿ. ಅರ್ಧ ಗಂಟೆ ಮೊದಲಿಂದ ಏನೂ ತಿನ್ನಂಗಿಲ್ಲ, ಕುಡಿಯಂಗಿಲ್ಲ. ಎಲೆ ಅಡಿಕೆ ಅಂತೂ ಬ್ಯಾಡವೇ ಬ್ಯಾಡ."

"ಉಗುಳಿನಾಗೆ ವಂಶ ಐತಾ?" ಎಂದು ಮರುಳಸಿದ್ದಮ್ಮ ಅಡಿಗೆಮನೆಯಿಂದ ಇಣುಕಿದರು. "ಹಂಗಾದ್ರೆ ನಮ್ಮ ಹಿತ್ತಲ ಗೋಡೆ ತುಂಬ ಇವರ ವಂಶಾನೇ ಐತಲ್ಲೇ. ಮೂವತ್ತೈದು ವರ್ಷದಿಂದ ನಾನೇ ತೊಳೀತಿದೀನಿ."

ಮೂವತ್ತೈದು ವರ್ಷ ಧಾರಾಳವಾಗಿ ಉಗುಳಿದ ಬಾಯಿ ಅವತ್ತು ಕೈಕೊಟ್ಟಿತು. ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಉಪವಾಸ ಕೂತು, ಕೊಳವೆಯನ್ನು ತುಟಿಗೆ ಹಿಡಿದರೆ ಒಂದು ಹನಿ ಬರಲೊಲ್ಲದು. ನಾಲಗೆ ಬೇಸಿಗೆಯ ಕೆರೆಯಂಗಳ. ಎಲೆ ಅಡಿಕೆ ಇಲ್ಲದೆ ಉಗುಳುವುದು ಹೇಗೆಂಬುದೇ ಅವರಿಗೆ ಮರೆತುಹೋಗಿತ್ತು. ರೂಪಶ್ರೀ "ಹುಣಸೆಹಣ್ಣು ನೆನಸ್ಕಳ್ರಿ ಮಾವ" ಎಂದಳು. ನೆನೆಸಿಕೊಂಡರು. ಬಂದದ್ದು ಕಣ್ಣೀರು.

ಕೊನೆಗೆ ಮರುಳಸಿದ್ದಮ್ಮ ಒಲೆ ಹಚ್ಚಿ ಬಾಣಲೆ ಇಟ್ಟರು. ಕಡಲೆಹಿಟ್ಟು ಕಲಸಿ ಉದ್ದುದ್ದ ಮೆಣಸಿನಕಾಯಿ ಅದ್ದಿ ಎಣ್ಣೆಗೆ ಬಿಟ್ಟರು. ಪಕ್ಕದ ಒಲೆಯಲ್ಲಿ ಮಂಡಕ್ಕಿಗೆ ಒಗ್ಗರಣೆ ಚಟಪಟ ಅಂದಿತು. ಕರಿಬಸವರಾಜರನ್ನು ಬಾಣಲೆಯಿಂದ ಮೂರಡಿ ದೂರ ಸ್ಟೂಲಿನ ಮೇಲೆ ಕೂರಿಸಿ, "ಮುಟ್ಟಂಗಿಲ್ಲ. ಬರೀ ನೋಡ್ರಿ," ಎಂದರು.

ದಾವಣಗೆರೆಯಲ್ಲಿ ಹುಟ್ಟಿದ ಯಾವ ಗಂಡಸೂ ಮಿರ್ಚಿ ಮಂಡಕ್ಕಿಯ ಮುಂದೆ ಒಣ ಬಾಯಿ ಇಟ್ಟುಕೊಂಡು ಕೂತ ಉದಾಹರಣೆ ಇಲ್ಲ. ಎರಡೇ ನಿಮಿಷಕ್ಕೆ ಕೊಳವೆ ಗೆರೆ ದಾಟಿತು.

"ಸಾಕು ಮಾವ, ಸಾಕು," ಎಂದಳು ರೂಪಶ್ರೀ.

"ಇರ್ಲಿ ತಡಿಯಮ್ಮ. ಹೆಚ್ಚಿಗೆ ಕಳಿಸಿದ್ರೆ ಇನ್ನೆರಡು ತಲೆಮಾರು ಸಿಕ್ರೂ ಸಿಗಬೋದು."

ವರದಿ ಬರಲು ಆರು ವಾರ. ಅಷ್ಟು ದಿನ ಸುಮ್ಮನಿರುವ ಜೀವವೇ ಅದು? ಅಜ್ಜ ಬಸಪ್ಪನವರ ಕುಡಿಗಳೆಲ್ಲ ಒಂದು ಕಡೆ ಸೇರಬೇಕೆಂದು ಕೆ.ಬಿ. ಬಡಾವಣೆಯಲ್ಲೇ ಒಂದು ಕಲ್ಯಾಣ ಮಂಟಪ ಗೊತ್ತು ಮಾಡಿದರು. ಮಕ್ಕಳು ಮರಿ ಸೇರಿ ಇನ್ನೂರ ನಲವತ್ತು ಜನ. ವಾಟ್ಸಾಪ್ ಗುಂಪು ಕಟ್ಟಿದರು. 'ಸರದಾರ ಸಂತತಿ' ಎಂಬ ಪುಸ್ತಕವನ್ನೂ ಬರೆಸಿ ಅಚ್ಚಿಗೆ ಕೊಟ್ಟರು. ಮುಖಪುಟದಲ್ಲಿ ಕುದುರೆ ಮೇಲೆ ಕತ್ತಿ ಹಿರಿದ ವೀರ. ಮೀಸೆ ಮಾತ್ರ ಥೇಟ್ ಕರಿಬಸವರಾಜರದೇ. "ಸರದಾರಂದು ಫೋಟೋ ಇರ್ಲಿಲ್ಲ. ಅಂದಾಜಿನ ಮೇಲೆ ಬರೆಸಿದೀನಿ," ಎಂದು ಎಲ್ಲರಿಗೂ ವಿವರಿಸಿದರು.

ವರದಿ ಬಂದದ್ದು ಸಮಾರಂಭಕ್ಕೆ ಎರಡು ವಾರ ಇರುವಾಗ. ರೂಪಶ್ರೀ ಮೊಬೈಲ್ ಹಿಡಿದು ಓದಿದಳು.

"ತೊಂಬತ್ತೊಂಬತ್ತು ಪರ್ಸೆಂಟ್ ದಕ್ಷಿಣ ಭಾರತ ಅಂತ ಐತೆ ಮಾವ."

"ಉಳಿದ ಒಂದು?"

"ಯಾವುದು ಅಂತ ಗೊತ್ತಾಗಿಲ್ಲ ಅಂತಾರೆ."

"ಅದೇ ನೋಡು," ಎಂದು ತೊಡೆ ತಟ್ಟಿದರು ಕರಿಬಸವರಾಜರು. "ಆ ಒಂದು ಪರ್ಸೆಂಟೇ ಕುದುರೆ ದಂಡು."

"ಇನ್ನೊಂದು ಐತೆ ಮಾವ. ನಿಮ್ಮ ರಕ್ತಸಂಬಂಧಿ ಒಬ್ರು ಸಿಕ್ಕಾರೆ. ಕುಬೇರಪ್ಪ ಅಂತ, ಹರಿಹರದೋರು. ಅವರ ಮುತ್ತಜ್ಜ, ನಿಮ್ಮ ಮುತ್ತಜ್ಜ ಒಬ್ರೇ ಇರ್ಬೇಕು ಅಂತ ಬರದಾರೆ."

ಕುಬೇರಪ್ಪ. ಹೆಸರಲ್ಲೇ ಎಷ್ಟು ತೂಕ! ಕರಿಬಸವರಾಜರ ಕಣ್ಣ ಮುಂದೆ ಹೊಳೆ ದಂಡೆಯ ವಾಡೆ, ಹೆಬ್ಬಾಗಿಲು, ಹಿತ್ತಾಳೆ ಗುಬುಟಿನ ಮಂಚ ಎಲ್ಲ ಸಾಲುಗಟ್ಟಿ ಬಂದವು. ಸರದಾರರ ಕಳೆದುಹೋದ ಕವಲು ಇದೇ ಇರಬೇಕು. ರೂಪಶ್ರೀ ಅದೇ ಆ್ಯಪಿನಲ್ಲಿ ಸಂದೇಶ ಕಳಿಸಿ ಫೋನ್ ನಂಬರು ತರಿಸಿಕೊಟ್ಟಳು.

"ಹೂಂರಿ, ಕುಬೇರಪ್ಪ ನಾನೇ," ಎಂದಿತು ಆ ಕಡೆಯ ದನಿ. "ನನ್ನ ಮಗಳು ಭವ್ಯಾ ಲ್ಯಾಬಿನಾಗೆ ಕೆಲಸ ಮಾಡ್ತಾಳ್ರಿ. ಅಲ್ಲಿ ಮನಿಯೋರಿಗೆ ಪುಕ್ಕಟೆ ಮಾಡಿಕೊಡ್ತಾರಂತೆ. ಉಗುಳಪ್ಪ ಅಂದ್ಲು, ಉಗುಳಿದೆ."

ಅಷ್ಟು ಸಲೀಸಾಗಿ ಉಗುಳಿದವನ ಮೇಲೆ ಕರಿಬಸವರಾಜರಿಗೆ ಆಗಲೇ ಗೌರವ ಹುಟ್ಟಿತು.

ಆ ಭಾನುವಾರ ಶಾಲು, ಹಣ್ಣಿನ ಬುಟ್ಟಿ ಹಿಡಿದು ಗಂಡ, ಹೆಂಡತಿ, ಸೊಸೆ ಕಾರಿನಲ್ಲಿ ಹರಿಹರಕ್ಕೆ ಹೊರಟರು. ಹೇಳಿದ ಗುರುತಿನ ಮೇಲೆ ಹೊಳೆ ಕಡೆಯ ಓಣಿಗೆ ಬಂದರೆ ವಾಡೆಯೂ ಇಲ್ಲ, ಹೆಬ್ಬಾಗಿಲೂ ಇಲ್ಲ. ತಗಡಿನ ಮಾಡಿನ ಒಂದು ಮನೆ. ಗೋಡೆಗೆ ಒರಗಿಸಿಟ್ಟ ಬಿದಿರಿನ ತೆಪ್ಪ, ದೊಡ್ಡ ಬುಟ್ಟಿ ಬೋರಲು ಹಾಕಿದಂತೆ. ಬನಿಯನ್ನು ತೊಟ್ಟವರೊಬ್ಬರು ಜಗಲಿಯಲ್ಲಿ ಮೀನಿನ ಬಲೆಗೆ ಗಂಟು ಹಾಕುತ್ತಿದ್ದರು.

"ಕುಬೇರಪ್ಪ ಸೌಕಾರ್ರ ಮನೆ ಯಾವುದ್ರಿ?" ಎಂದು ಕರಿಬಸವರಾಜರು ಕೇಳಿದರು.

"ಸೌಕಾರ್ರು ಯಾರೋ ಗೊತ್ತಿಲ್ರಿ. ಕುಬೇರಪ್ಪ ನಾನೇ. ಬರ್ರಿ, ಕೂಡ್ರಿ."

ಕುಬೇರಪ್ಪ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಈಗ ಹೊತ್ತು ಕಳೆಯಲು ಹೊಳೆಯಲ್ಲಿ ಮೀನು. ಅವರು ತಲೆಯೆತ್ತಿದಾಗ ಮರುಳಸಿದ್ದಮ್ಮ ಒಮ್ಮೆ ಅವರ ಮೂಗು ನೋಡಿದರು, ಒಮ್ಮೆ ಗಂಡನ ಮೂಗು ನೋಡಿದರು, ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಂದೇ ಅಚ್ಚಿನ ಎರಡು ಮೂಗು.

ಒಳಗಿನ ಮಂಚದ ಮೇಲೆ ಕುಬೇರಪ್ಪನ ತಾಯಿ ತಿಮ್ಮವ್ವ ಕೂತಿದ್ದಳು. ಎಂಬತ್ತೈದು ದಾಟಿದ ಜೀವ. ಕರಿಬಸವರಾಜರನ್ನು ಹತ್ತಿರ ಕರೆದು ಮುಖ ಸವರಿ, ಎರಡೂ ಕಿವಿ ಹಿಡಿದು ನೋಡಿ, "ಬಸಣ್ಣನ ಮೊಮ್ಮಗ," ಎಂದಳು.

"ನಮ್ಮಜ್ಜ ನಿಮಗೆ ಹೆಂಗೆ ಗೊತ್ತು ಅಜ್ಜಿ?"

"ನಾವೇ ಕೊಟ್ಟ ಕೂಸು ಅಲ್ಲೇನಪ್ಪ."

ಆಮೇಲೆ ಅವಳು ಹೇಳಿದ್ದು ಇಷ್ಟು. ಊರೂರಿಗೆ ಜ್ವರ ಬಡಿದ ವರ್ಷ, ಆಚೆ ದಡದ ಹಳ್ಳಿಯವರನ್ನು ತೆಪ್ಪದಲ್ಲಿ ದಾಟಿಸುತ್ತಿದ್ದ ಅಂಬಿಗನೊಬ್ಬ ಸತ್ತ. ಅವನ ಹೆಂಡತಿ ಚೌಡವ್ವನ ಕೈಯಲ್ಲಿ ಮೂರು ಗಂಡು ಮಕ್ಕಳು. ಸಂತೆಗೆ ಪಾತ್ರೆ ಹೊತ್ತು ಅದೇ ತೆಪ್ಪದಲ್ಲಿ ಓಡಾಡುತ್ತಿದ್ದ ದಾವಣಗೆರೆಯ ಮಲ್ಲಪ್ಪ ಶೆಟ್ಟರಿಗೆ ಮಕ್ಕಳಿರಲಿಲ್ಲ. ಚೌಡವ್ವ ಎರಡು ವರ್ಷದ ಕೂಸೊಂದನ್ನು ಶೆಟ್ಟರ ಹೆಂಡತಿಯ ಮಡಿಲಿಗೆ ಹಾಕಿದಳು. ಆ ಕೂಸೇ ಬಸಪ್ಪ. ಚೌಡವ್ವ ತಿಮ್ಮವ್ವನ ಗಂಡನ ಅಜ್ಜಿ.

ಕರಿಬಸವರಾಜರು ಎದ್ದು ನಿಂತರು. "ನೋಡ್ರಿ, ನಮ್ಮದು ಸರದಾರರ ಮನೆತನ. ಪುಸ್ತಕ ಅಚ್ಚಾಗೈತೆ."

"ಆಗ್ಲಿ ಬಿಡಪ್ಪ," ಎಂದಳು ತಿಮ್ಮವ್ವ.

"ಹಿಂಗೆ ಯಾರ್ಯಾರೋ ಬಂದು ನೆಂಟಸ್ತನ ಹಚ್ಚಿದ್ರೆ..."

"ನಾವು ಬಂದಿಲ್ರಿ," ಎಂದರು ಕುಬೇರಪ್ಪ, ಬಲೆಯಿಂದ ಕಣ್ಣೆತ್ತದೆ. "ನೀವು ಬಂದೀರಿ."

ಕರಿಬಸವರಾಜರು ಶಾಲನ್ನು ಕಂಕುಳಲ್ಲಿ ಅವುಚಿಕೊಂಡು ಕಾರು ಹತ್ತಿದರು. ಮರುಳಸಿದ್ದಮ್ಮ ಹಣ್ಣಿನ ಬುಟ್ಟಿಯನ್ನು ತಿಮ್ಮವ್ವನ ಪಕ್ಕದಲ್ಲಿಟ್ಟು, ಕೊಟ್ಟ ಚಹಾವನ್ನು ನಿಧಾನಕ್ಕೆ ಕುಡಿದು ಮುಗಿಸಿ, ಆಮೇಲೆ ಬಂದರು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಮರುಳಸಿದ್ದಮ್ಮ ಮಾತಾಡದೇ ಇರುವುದು ಆ ಮನೆಯಲ್ಲಿ ಬಹಳ ದೊಡ್ಡ ಬೈಗುಳ.

ಮನೆಗೆ ಬಂದು ಕರಿಬಸವರಾಜರು ತನಿಖೆ ಶುರು ಮಾಡಿದರು. "ಕೊಳವೆ ಅದಲುಬದಲು ಆಗೈತೆ," ಎಂದರು. "ಆಗಂಗಿಲ್ಲ ಮಾವ, ನಂಬರ್ ಇರ್ತೈತೆ," ಎಂದಳು ರೂಪಶ್ರೀ. "ಹಂಗಾದ್ರೆ ಮಿರ್ಚಿ ಹೊಗೆ ಉಗುಳಿಗೆ ಹತ್ತಿ ರಿಪೋರ್ಟ್ ಕೆಟ್ಟೈತೆ," ಎಂದರು.

"ಮಿರ್ಚಿ ಹತ್ತಿದ್ರೆ ಮೆಣಸಿನಕಾಯಿ ನೆಂಟ ಆಗ್ತಿತ್ತು ಮಾವ. ಕುಬೇರಪ್ಪ ಹೆಂಗೆ ಆಗ್ತಾರೆ?"

ಯಂತ್ರವನ್ನು ನಂಬಿ ಕೆಟ್ಟೆ, ಇನ್ನು ನಮ್ಮ ಹೆಳವರೇ ಗತಿ ಎಂದುಕೊಂಡರು ಕರಿಬಸವರಾಜರು. ಒಕ್ಕಲಿನ ಮನೆಗಳಿಗೆ ವರ್ಷಕ್ಕೋ ಎರಡು ವರ್ಷಕ್ಕೋ ಬಂದು, ಆಯಾ ವಂಶದ ಹೆಸರುಗಳನ್ನು ಹೊತ್ತಿಗೆಯಿಂದ ಓದಿ ಹೇಳುವುದು ಹೆಳವರ ಕುಲಕಸುಬು. ಇವರ ಮನೆಯ ಹೆಳವ ಪರಶುರಾಮ. ಅವನಪ್ಪ ಗಂಟೆ ಕಟ್ಟಿದ ಎತ್ತಿನ ಮೇಲೆ ಬರುತ್ತಿದ್ದ. ಇವನು ಮೊಪೆಡ್ಡಿನ ಮೇಲೆ ಬರುತ್ತಾನೆ, ಗಂಟೆ ಮಾತ್ರ ಅದೇ.

ಫೋನಿನಲ್ಲಿ ಅವನಿಗೆ ಅಪ್ಪಣೆಯಾಯಿತು: "ಹೊತ್ತಿಗೆ ತಗಂಡು ಭಾನುವಾರ ಮಂಟಪಕ್ಕೆ ಬಾ. ಎಲ್ಲರ ಮುಂದೆ ಮೈಕಿನಾಗೆ ಓದ್ಬೇಕು. ಒಂದು ಅಕ್ಷರಾನೂ ಬಿಡಬಾರ್ದು."

ಪರಶುರಾಮ ತಡವರಿಸಿದ. "ಒಂದು ಅಕ್ಷರಾನೂ ಬಿಡದಂಗ? ಬುದ್ದಿ, ನಿಮ್ಮ ತಂದೆಯೋರ ಕಾಲದಾಗೆ ಏನಿತ್ತು ಅಂದ್ರೆ..."

"ತಂದೆಯೋರ ಕಾಲ ಬ್ಯಾರೆ, ನನ್ನ ಕಾಲ ಬ್ಯಾರೆ. ಬಿಡದಂಗ ಓದು," ಎಂದು ಫೋನ್ ಇಟ್ಟರು.

ಭಾನುವಾರ ಮಂಟಪ ತುಂಬಿತು. ವೇದಿಕೆಯ ಮೇಲೆ ರೇಷ್ಮೆ ಪೇಟ ಸುತ್ತಿದ ಕರಿಬಸವರಾಜರು, ಪಕ್ಕದಲ್ಲಿ ಅವರ ಸೋದರತ್ತೆ, ಎಂಬತ್ತೆರಡರ ಮೈಲಮ್ಮ. ಬಸಪ್ಪನವರ ಮಕ್ಕಳಲ್ಲಿ ಉಳಿದವರು ಇವರೊಬ್ಬರೇ. ಮೇಜಿನ ಮೇಲೆ 'ಸರದಾರ ಸಂತತಿ'ಯ ಕಟ್ಟುಗಳು. ಮೊದಲ ಸಾಲಿನಲ್ಲಿ ಬಕ್ಕೇಶ್, ಮೊಣಕಾಲ ಮೇಲೆ ನೋಟ್‌ಬುಕ್ಕು. ಅವನನ್ನು ಬೇಕೆಂದೇ ಅಲ್ಲಿ ಕೂರಿಸಲಾಗಿತ್ತು.

ಪರಶುರಾಮ ಪ್ಲಾಸ್ಟಿಕ್ ಚೀಲದಿಂದ ಹೊತ್ತಿಗೆ ತೆಗೆದು, ಹಣೆಗೆ ಒತ್ತಿಕೊಂಡು, ರಾಗವಾಗಿ ಓದತೊಡಗಿದ. ಮಲ್ಲಪ್ಪ ಶೆಟ್ಟರ ಹೆಸರು ಬಂತು, ಅವರ ಹೆಂಡತಿಯ ಹೆಸರು ಬಂತು. ಅಲ್ಲಿಗೆ ನಿಲ್ಲಿಸಿ ಕರಿಬಸವರಾಜರ ಕಡೆ ನೋಡಿದ. ಕರಿಬಸವರಾಜರು 'ಹೂಂ, ಮುಂದೆ' ಎಂದು ಕೈ ಬೀಸಿದರು.

"ಮಲ್ಲಪ್ಪ ಶೆಟ್ಟರಿಗೆ ಸಂತಾನ ಇರಲಾಗಿ," ಪರಶುರಾಮ ಕೆಮ್ಮಿ ಸರಿಮಾಡಿಕೊಂಡ, "ಸಂತಾನ ಇಲ್ಲದಿರಲಾಗಿ, ಹರಿಹರದ ಹೊಳೆ ದಂಡೆಯ ಅಂಬಿಗರ ಚೌಡವ್ವನ ಮೂವರು ಗಂಡು ಮಕ್ಕಳೊಳಗೆ ಒಬ್ಬನನ್ನು ಮಡಿಲಿಗೆ ಹಾಕಿಕೊಂಡು ಬಂದು, ಲಿಂಗ ಕಟ್ಟಿ, ಬಸಪ್ಪನೆಂದು ಹೆಸರಿಟ್ಟು ಮಗನ ಮಾಡಿಕೊಂಡರು."

ಮೈಕು ಆ ಮಾತನ್ನು ಮೂಲೆ ಮೂಲೆಗೂ, ಅಡಿಗೆ ಭಟ್ಟರವರೆಗೂ ತಲುಪಿಸಿತು.

ಕರಿಬಸವರಾಜರ ಪೇಟ ತಾನೇ ತಾನಾಗಿ ಒಂದು ಬೆರಳು ಕೆಳಗೆ ಇಳಿಯಿತು. "ಇದನ್ನ ಹಿಂದೆ ಯಾವತ್ತೂ ಓದಿರ್ಲಿಲ್ಲಲ್ಲೋ?"

"ಅದನ್ನೇ ಅವತ್ತು ಹೇಳಾಕ್ ಬಂದೆ ಬುದ್ದಿ. ಈ ಸಾಲು ಬಂದ ಕೂಡ್ಲೇ ನಿಮ್ಮ ತಂದೆಯೋರು ಕಾಫಿ ತರಿಸ್ತಿದ್ರು. ನಮ್ಮಪ್ಪ ಕಾಫಿ ಕುಡಿದು ಮುಂದಿನ ಸಾಲಿಗೆ ಹೋಗೋನು. ಇವತ್ತು ನೀವು ಕಾಫಿ ತರಿಸ್ಲಿಲ್ಲ."

"ಹಂಗಾದ್ರೆ ಸರದಾರ? ಕುದುರೆ?"

ಪರಶುರಾಮ ಹಿಂದಿನ ಎಲೆ ತಿರುವಿದ. "ಕುದುರೆ ಇಲ್ಲ ಬುದ್ದಿ. ಮಲ್ಲಪ್ಪ ಶೆಟ್ಟರ ತಂದೆಯೋರು ಕತ್ತೆ ಮೇಲೆ ಪಾತ್ರೆ ಹೇರಿಕೊಂಡು ಸಂತೆ ಮಾಡ್ತಿದ್ರು ಅಂತ ಐತೆ. ಕತ್ತೆ ಬಣ್ಣಾನೂ ಬರದಾರೆ. ಓದ್ಲಾ?"

"ಬ್ಯಾಡ," ಎಂದರು ಕರಿಬಸವರಾಜರು.

ಅಷ್ಟರಲ್ಲಿ ಮೈಲಮ್ಮ ಬಾಯಿಯಲ್ಲಿದ್ದ ಎಲೆ ಅಡಿಕೆಯನ್ನು ದವಡೆಗೆ ಸರಿಸಿ, "ನನಗೆ ಗೊತ್ತಿತ್ತು," ಎಂದರು. ಎದುರಿಗಿದ್ದ ನಾಲ್ಕೈದು ಮುದುಕಿಯರು, ತಮಗೂ ಗೊತ್ತಿತ್ತೆಂದು ತಲೆಯಾಡಿಸಿದರು.

"ಗೊತ್ತಿದ್ರೆ ಯಾಕ ಹೇಳ್ಲಿಲ್ಲ ಅತ್ತಿ?"

"ನೀ ಕೇಳಿದ್ದು ಕೊಳವೆನ. ನನ್ನೆಲ್ಲಿ ಕೇಳ್ದೆ?"

ಯಾರೋ ಕಿಸಕ್ಕೆಂದರು. ನಗು ಹಿಂದಿನ ಸಾಲಿನಿಂದ ಹೊರಟು ಮುಂದಿನ ಸಾಲಿಗೆ ಬರುವಷ್ಟರಲ್ಲಿ ದೊಡ್ಡದಾಗಿತ್ತು. ಕರಿಬಸವರಾಜರಿಗೆ ವೇದಿಕೆ ಇಳಿದು ಹಿಂದಿನ ಬಾಗಿಲಿನಿಂದ ಓಡಬೇಕೆನಿಸಿತು. ಆದರೆ ಆ ಬಾಗಿಲಿನಿಂದಲೇ ಮರುಳಸಿದ್ದಮ್ಮ ತಿಮ್ಮವ್ವನ ಕೈಹಿಡಿದು ಒಳಗೆ ಬರುತ್ತಿದ್ದರು. ಹಿಂದೆ ಇಸ್ತ್ರಿ ಮಾಡಿದ ಅಂಗಿಯ ಕುಬೇರಪ್ಪ, ಹೆಗಲ ಮೇಲೆ ಒಂದು ಗೋಣಿಚೀಲ.

"ನಾನೇ ಕರ್ಸಿದೀನಿ," ಎಂದರು ಮರುಳಸಿದ್ದಮ್ಮ, ಗಂಡ ಕೇಳುವ ಮೊದಲೇ. "ಬಸಪ್ಪನೋರ ಕುಡಿಗಳೆಲ್ಲ ಸೇರ್ಬೇಕು ಅಂತ ನೀವೇ ಅಂದಿದ್ರಲ್ಲ. ಕುಡಿ ಬಂದ್ವು, ಬೇರು ಬರಬಾರ್ದಾ?"

ಕುಬೇರಪ್ಪ ಚೀಲವನ್ನು ವೇದಿಕೆಯ ಮೇಲಿಟ್ಟು ಬಾಯಿ ಬಿಚ್ಚಿದರು. ಒಳಗೆ ಹಿತ್ತಾಳೆ ತಂಬಿಗೆಗಳು. ಹನ್ನೊಂದು. ಎಷ್ಟೋ ವರ್ಷ ಅಟ್ಟದ ಮೇಲಿದ್ದು ಕಪ್ಪಾಗಿದ್ದವು. "ಅವತ್ತೇ ತೋರಿಸ್ಬೇಕು ಅಂತಿದ್ಲು ನಮ್ಮವ್ವ. ನೀವು ಎದ್ದು ಹೋದ್ರಿ," ಎಂದರು.

ಆ ದಿನ ಬೆಳಗಿನಿಂದ ಮೊದಲ ಬಾರಿಗೆ ಕರಿಬಸವರಾಜರಿಗೆ ಏನು ಮಾಡಬೇಕೆಂದು ಗೊತ್ತಾಯಿತು. ಹಿತ್ತಾಳೆಯ ವಿಚಾರ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪೂಜೆಯ ತಟ್ಟೆಯಿಂದ ವಿಭೂತಿ ಚಿಟಿಕೆ ತೆಗೆದು, ತಂಬಿಗೆಯ ಕಂಠದ ಕೆಳಗೆ ಹೆಬ್ಬೆರಳಿನಿಂದ ಉಜ್ಜಿದರು. ಚುಕ್ಕೆ ಚುಕ್ಕೆಯಾಗಿ ಕೊರೆದ ಅಕ್ಷರ ಮೂಡಿತು: 'ಚೌಡವ್ವ, ಹರಿಹರ'. ಹಕಾರದ ಬಾಲ ಉದ್ದಕ್ಕೆ ಎಳೆದಿತ್ತು. ಆ ಬಾಲ ಅವರಿಗೆ ಚೆನ್ನಾಗಿ ಗೊತ್ತು. ಅಂಗಡಿಯ ಜಗಲಿಯಲ್ಲಿ ಉಳಿ ಹಿಡಿದು ಪಾತ್ರೆಗಳ ಮೇಲೆ ಹೆಸರು ಹಾಕುತ್ತಿದ್ದ ಅಜ್ಜನ ಪಕ್ಕದಲ್ಲೇ ಅವರು ಬಳಪ ಹಿಡಿದು ಅಕ್ಷರ ಕಲಿತಿದ್ದರು.

"ವರ್ಷಕ್ಕೊಂದು," ಎಂದಳು ತಿಮ್ಮವ್ವ. "ಅವ ದೊಡ್ಡೋನಾಗಿ ಅಂಗಡ್ಯಾಗೆ ಕುಂದ್ರಾಕ್ ಹತ್ತಿದ ಮ್ಯಾಲೆ ಅಜ್ಜಿ ವರ್ಷಕ್ಕೊಂದ್ಸಲ ದಾವಣಗೆರಿಗೆ ಬರೋಳು. ತಂಬಿಗಿ ತಗಂಡು ಹೆಸ್ರು ಹಾಕಪ್ಪ ಅನ್ನೋಳು. ಕೊಟ್ಟ ಮ್ಯಾಲೆ ನಂದು ಅನ್ನಂಗಿಲ್ಲ ಅಂತ ಏನೂ ಹೇಳ್ತಿರ್ಲಿಲ್ಲ. ಹೆಸ್ರು ಹಾಕೋ ಮಟ್ಟ ಮಗನ ಮಕ ನೋಡ್ಕಂಡು ಕುಂದ್ರೋಳು. ಮನಿಗೆ ಬಂದು, ನನ್ನ ಹೆಸ್ರು ಇನ್ನೊಂದೀಟು ಉದ್ದ ಇರಬಾರ್ದಾಗಿತ್ತಾ ಅನ್ನೋಳು."

ಕರಿಬಸವರಾಜರು ತಲೆ ಎತ್ತಲಿಲ್ಲ. ಒಂದೊಂದೇ ತಂಬಿಗೆ ಉಜ್ಜುತ್ತ ಹೋದರು. ಚೌಡವ್ವ, ಹರಿಹರ. ಚೌಡವ್ವ, ಹರಿಹರ. ಹನ್ನೊಂದನೆಯದರ ಮೇಲೆ ಅಕ್ಷರ ಕಡಿಮೆ ಇದ್ದವು. ಮತ್ತೆ ಉಜ್ಜಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಇದು ಯಾವತ್ತಿಂದು?" ಎಂದು ಕೇಳಿದರು.

"ಕೊನೇದು ಇರ್ಬೇಕು. ಅದಾದ ಮ್ಯಾಲೆ ಅಜ್ಜಿ ಬರ್ಲಿಲ್ಲ, ತೀರ್ಕಂಡ್ಲು. ಯಾಕಪ್ಪ, ಏನೈತೆ? ನನಗೂ ಓದಾಕ್ ಬರಂಗಿಲ್ಲ, ಅಜ್ಜಿಗೂ ಬರ್ತಿರ್ಲಿಲ್ಲ."

ಕರಿಬಸವರಾಜರು ಮೈಕಿನಿಂದ ದೂರ ಸರಿದು, ತಿಮ್ಮವ್ವನ ಕಿವಿಯ ಹತ್ತಿರ ಬಗ್ಗಿ ಓದಿದರು. "ಅವ್ವ, ಹರಿಹರ. ಇಷ್ಟೇ ಐತೆ."

ತಿಮ್ಮವ್ವ ತಂಬಿಗೆಯನ್ನು ಇಸಿದುಕೊಂಡು ಆ ಜಾಗವನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. "ಅವನಿಗೆ ಗೊತ್ತಿತ್ತು ಹಂಗಾದ್ರೆ," ಎಂದಳು. "ಅಜ್ಜಿಗೆ ಯಾರೂ ಓದಿ ಹೇಳ್ಲಿಲ್ಲಲ್ಲಪ್ಪ."

ಬಕ್ಕೇಶ್ ನೋಟ್‌ಬುಕ್ ಮುಚ್ಚಿಟ್ಟ. ಅವನಿಗೆ ಅವತ್ತು ಇಸವಿ ಕೇಳಬೇಕೆನಿಸಲಿಲ್ಲ.

ಕರಿಬಸವರಾಜರು ಪೇಟ ತೆಗೆದು ಮೇಜಿನ ಮೇಲಿಟ್ಟರು. ಹರಿಹರದಿಂದ ಕಂಕುಳಲ್ಲಿ ವಾಪಸು ತಂದಿದ್ದ ಶಾಲನ್ನು ಸೊಸೆಯಿಂದ ತರಿಸಿ ಕುಬೇರಪ್ಪನಿಗೆ ಹೊದಿಸಿದರು. "ಅವತ್ತು ನಾ ಆಡಿದ ಮಾತು ತಪ್ಪು. ಹೊಟ್ಟೆಯಾಗೆ ಹಾಕ್ಕಳ್ರಿ," ಎಂದರು.

"ಅದಿರ್ಲಿ, ನಿಮಗೆಷ್ಟು ವಯಸ್ಸು?" ಎಂದರು ಕುಬೇರಪ್ಪ.

"ಐವತ್ತೊಂಬತ್ತು."

"ನನಗೆ ಅರವತ್ತೆರಡು. ಹಂಗಾದ್ರೆ ನಾನೇ ಅಣ್ಣ. ಕೂಡು."

ಸಭೆಯ ಹಿರಿಯನೆಂದು ಬೆಳಿಗ್ಗೆ ವೇದಿಕೆ ಹತ್ತಿದ ಕರಿಬಸವರಾಜರು ತಮ್ಮನಾಗಿ ಕೂತರು. 'ಸರದಾರ ಸಂತತಿ'ಯ ಕಟ್ಟುಗಳನ್ನು ಯಾರೂ ಬಿಚ್ಚಲಿಲ್ಲ. ಮೇಜು ಸಾಲದೆ ಬಂದಾಗ ಭಟ್ಟರು ಅವುಗಳ ಮೇಲೆಯೇ ಸಾರಿನ ಕೊಳಗ ಇಟ್ಟು ಬಡಿಸಿದರು.

ಇಷ್ಟಕ್ಕೇ ಅವರಿಗೆ ಬುದ್ಧಿ ಬಂತು ಎಂದುಕೊಂಡರೆ ನಿಮಗೆ ಕರಿಬಸವರಾಜರು ಗೊತ್ತಿಲ್ಲ. ವಾರ ಕಳೆಯುವುದರೊಳಗೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೊಸ ಪುರಾಣ ಶುರುವಾಗಿತ್ತು. "ಸರದಾರ ಏನ್ ಮಹಾ? ಕುದುರೆ ಮೇಲೆ ಯಾರು ಬೇಕಾದ್ರೂ ಕುಂದ್ರಬೋದು. ನಮ್ಮೋರು ತುಂಬಿದ ತುಂಗಭದ್ರೆನ ತೆಪ್ಪದಾಗೆ ದಾಟಿಸಿದೋರು. ಹೊಳೆ ನಮ್ಮ ರಕ್ತದಾಗೇ ಐತೆ. ಡಿಎನ್ಎ ರಿಪೋರ್ಟ್ ಐತೆ, ತೋರಿಸ್ಲಾ?"

ಮುಂದಿನ ಭಾನುವಾರ ಎಲ್ಲರೂ ಹರಿಹರಕ್ಕೆ ಊಟಕ್ಕೆ ಹೋದರು. ಊಟವಾದ ಮೇಲೆ ಕರಿಬಸವರಾಜರು ತೆಪ್ಪ ನೀರಿಗೆ ಇಳಿಸಬೇಕೆಂದು ಹಟ ಹಿಡಿದರು.

"ಅದು ಹೇಳಿದಂಗೆ ಕೇಳಂಗಿಲ್ಲ ತಮ್ಮಾ. ನಾನೂ ಬರ್ತೀನಿ ತಡಿ," ಎಂದರು ಕುಬೇರಪ್ಪ.

"ಬ್ಯಾಡಣ್ಣ. ರಕ್ತದಾಗಿದ್ದದ್ದು ಎಲ್ಲಿ ಹೋಗ್ತೈತೆ?" ಎಂದು ಪಂಚೆ ಎತ್ತಿ ಕಟ್ಟಿ, ಬೇಡವೆಂದರೂ ಕೇಳದೆ ಮರುಳಸಿದ್ದಮ್ಮನನ್ನೂ ಕೂರಿಸಿಕೊಂಡು, ಹುಟ್ಟು ಹಾಕಿಯೇಬಿಟ್ಟರು.

ದಂಡೆಯಿಂದ ಹತ್ತು ಮಾರು ಹೋಗುವತನಕ ತೆಪ್ಪ ಮರ್ಯಾದೆಯಿಂದ ನಡೆದುಕೊಂಡಿತು. ಆಮೇಲೆ ಬೀಸುಕಲ್ಲಿನಂತೆ ತಿರುಗತೊಡಗಿತು. ಕರಿಬಸವರಾಜರು ಎಡಕ್ಕೆ ಹುಟ್ಟು ಹಾಕಿದರೆ ಬಲಕ್ಕೆ ತಿರುಗಿತು, ಬಲಕ್ಕೆ ಹಾಕಿದರೆ ಇನ್ನೂ ಜೋರಾಗಿ ತಿರುಗಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒಗೆಯುವುದನ್ನು ಬಿಟ್ಟು ನಿಂತು ನೋಡಿದರು. "ರೀ, ಹರಿಹರ ಯಾವ ಕಡಿಗೈತ್ರಿ?" ಎಂದು ಮರುಳಸಿದ್ದಮ್ಮ ಕಣ್ಣು ಮುಚ್ಚಿಕೊಂಡೇ ಕೇಳುವುದು ದಂಡೆಯವರೆಗೂ ಕೇಳಿಸಿತು. "ಈಗ ಬರ್ತೈತೆ, ಈಗ ಬರ್ತೈತೆ," ಎನ್ನುತ್ತಿದ್ದರು ಕರಿಬಸವರಾಜರು. ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಕಡೆಗೆ ಕುಬೇರಪ್ಪ ಅಂಗಿ ಬಿಚ್ಚಿಟ್ಟು ನೀರಿಗಿಳಿದು, ಈಜಿಕೊಂಡು ಹೋಗಿ, ತೆಪ್ಪದ ಅಂಚು ಹಿಡಿದು ದಡದ ಕಡೆ ಎಳೆಯತೊಡಗಿದರು.

ಮೆಟ್ಟಿಲ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದ ತಿಮ್ಮವ್ವ ಪಕ್ಕದಲ್ಲಿದ್ದ ರೂಪಶ್ರೀಯ ತೊಡೆ ತಟ್ಟಿದಳು.

"ಇದೊಂದು ನನಗೆ ಇವತ್ತಿನ ಮಟ್ಟ ತಿಳಿದಿರ್ಲಿಲ್ಲ ಕಣವ್ವ. ಈಗ ತಿಳೀತು ನೋಡು, ಮೂವರು ಮಕ್ಕಳಾಗೆ ಅಜ್ಜಿ ಬಸಣ್ಣನ್ನೇ ಆರಿಸಿ ಯಾಕ ಕೊಟ್ಲು ಅಂತ."